ಕರೆಂಟು ಬಂದ ಮೇಲೆ ಎಬ್ಬಿಸುವವರು ಯಾರು?

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾ ದಾಟಿದರೆ ದ್ರಾಕ್ಷಿ ಪಡಗಳ ಬದಿಗೆ ಕಬ್ಬಿಣದ ಪೆಟ್ಟಿಗೆಗಳು ಕಾಣುತ್ತವೆ. ಒಳಗಿರುವುದು ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್. ಹಸಿರು ಗುಂಡಿ ಒತ್ತಿದರೆ ಮೋಟಾರು ಚಾಲೂ. ಕರೆಂಟು ಹೋದರೆ ಕಾಯಿಲ್ ಹಿಡಿತ ಬಿಟ್ಟು ಬಂದ್. ಮತ್ತೆ ಕರೆಂಟು ಬಂದರೂ ಮೋಟಾರು ತಾನಾಗಿ ಏಳುವುದಿಲ್ಲ. ರಾತ್ರಿ ಎರಡಕ್ಕೆ ತ್ರೀಫೇಸ್ ಬಂದರೆ ಬ್ಯಾಟರಿ ಹಿಡಿದು ಹೊಲಕ್ಕೆ ಓಡಬೇಕು. ಅದಕ್ಕೇ ಪಕ್ಕದಲ್ಲೊಂದು ಚಿಕ್ಕ ಪೆಟ್ಟಿಗೆ ಕೂರಿಸುತ್ತಾರೆ, ಆಟೊ ಸ್ಟಾರ್ಟರ್ ಅಂತ.

ಲಿನಕ್ಸ್ ಕಂಪ್ಯೂಟರಿನ ಡೇಟಾಬೇಸಿಗೂ ಇಂಥದೊಂದು ಪೆಟ್ಟಿಗೆ ಬೇಕು. ಮಣೂಕ, ಅಂದರೆ ಒಣದ್ರಾಕ್ಷಿ, ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಯಾವ ರೈತರದು ಎಷ್ಟು ಬಾಕ್ಸು, ಯಾವ ಚೇಂಬರಿನಲ್ಲಿದೆ ಎಂಬ ಲೆಕ್ಕವೆಲ್ಲ ಡೇಟಾಬೇಸುಗಳಲ್ಲೊಂದಾದ ಪೋಸ್ಟ್‌ಗ್ರೆಸ್‌ನಲ್ಲಿದೆ ಎನ್ನಿ. ಕರೆಂಟು ಹೋಗಿ ಬಂತು, ಕಂಪ್ಯೂಟರು ಎದ್ದಿತು, ಪರದೆಯೂ ಬೆಳಗಿತು. ಲೆಕ್ಕ ಮಾತ್ರ ತೆರೆಯದು. ಮೊದಲ ದಿನ ಯಾರೋ 'ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್' ಎಂದು ಬರೆದು ಹೋಗಿದ್ದರು. ಅದು ಹಸಿರು ಗುಂಡಿ ಒತ್ತಿದ ಹಾಗೆ, ಆ ಹೊತ್ತಿಗಷ್ಟೇ. ಜೊತೆಗೆ 'ಎನೇಬಲ್' ಎಂದೂ ಬರೆಯಬೇಕಿತ್ತು.

ಎನೇಬಲ್ ಮಾಡುವ ಕೆಲಸ ಬಹಳ ಸಣ್ಣದು. ಒಂದು ಫೋಲ್ಡರಿನಲ್ಲಿ ಡೇಟಾಬೇಸಿನ ಹೆಸರಿಗೆ ಒಂದು ಕೊಂಡಿ ಹಾಕಿಡುತ್ತದೆ, ಅಷ್ಟೇ. ಲಿನಕ್ಸ್ ಏಳುವಾಗ ಅದರ ತಿರುಳು, ಅಂದರೆ ಕರ್ನಲ್, ಮೊದಲು ಎಬ್ಬಿಸುವುದು 1ನೇ ನಂಬರಿನ ಪ್ರೋಗ್ರಾಮನ್ನು. ಈಗ ಹೆಚ್ಚಿನ ಕಡೆ ಅದು 2010ರಲ್ಲಿ ಹುಟ್ಟಿದ ಸಿಸ್ಟಮ್‌ಡಿ. ಅದು ಆ ಫೋಲ್ಡರು ತೆರೆದು, ಕೊಂಡಿ ಇದ್ದವರನ್ನೆಲ್ಲ ಎಬ್ಬಿಸುತ್ತದೆ.

ಆದರೆ ಎಬ್ಬಿಸುವುದಕ್ಕಿಂತ ತಡೆದು ಎಬ್ಬಿಸುವುದೇ ಹೆಚ್ಚಿನ ಜಾಣತನ ಅಂತ ನನಗನಿಸುತ್ತದೆ. ಒಳ್ಳೆಯ ಆಟೊ ಸ್ಟಾರ್ಟರ್ ಮೂರೂ ಫೇಸು ಬಂದಿವೆಯೇ ನೋಡಿ, ತುಸು ತಡೆದು ಮೋಟಾರು ಹಚ್ಚುತ್ತದೆ. ಎರಡೇ ಫೇಸಿಗೆ ಹಚ್ಚಿದರೆ ವೈಂಡಿಂಗ್ ಸುಟ್ಟೀತು. ಡೇಟಾಬೇಸಿನದೂ ಹಾಗೇ. ಅದರ ಕಡತಗಳು ಬೇರೆ ಡಿಸ್ಕಿನಲ್ಲಿದ್ದು, ಆ ಡಿಸ್ಕು ಜೋಡಣೆಯಾಗುವ ಮೊದಲೇ ಡೇಟಾಬೇಸು ಎದ್ದರೆ ಅದಕ್ಕೆ ಸಿಗುವುದು ಖಾಲಿ ಫೋಲ್ಡರು. ಕೆಲವು ಡೇಟಾಬೇಸುಗಳು ಅಲ್ಲೇ ಹೊಸ ಖಾಲಿ ಲೆಕ್ಕ ತೆರೆದು ಕೂರುತ್ತವೆ. ಇಡೀ ಸುಗ್ಗಿಯ ಲೆಕ್ಕ ಮಾಯವಾಯಿತೆಂದು ಎದೆ ಒಡೆಯುತ್ತದೆ, ಆ ಬೇರೆ ಡಿಸ್ಕಿನಲ್ಲಿ ಅದು ಭದ್ರವಾಗಿದ್ದರೂ. 'ಈ ಡಿಸ್ಕು ಬಂದ ಮೇಲೆಯೇ ಏಳು' ಎಂದು ಡೇಟಾಬೇಸಿನ ಸರ್ವಿಸ್ ಕಡತದಲ್ಲಿ ಒಂದು ಸಾಲು ಬರೆದರೆ ಸಿಸ್ಟಮ್‌ಡಿ ಕಾಯುತ್ತದೆ.

ಥಟ್ಟನೆ ಕರೆಂಟು ಹೋದಾಗ ಅರ್ಧಕ್ಕೆ ನಿಂತ ಬರವಣಿಗೆಗೂ ಪೋಸ್ಟ್‌ಗ್ರೆಸ್ ದಾರಿ ಇಟ್ಟುಕೊಂಡಿದೆ. ಪ್ರತಿ ಬದಲಾವಣೆಯನ್ನೂ ಮೊದಲು ದಿನಚರಿಯಲ್ಲಿ ಗುರುತು ಹಾಕಿ, ಆಮೇಲೆ ಮುಖ್ಯ ಪುಸ್ತಕಕ್ಕೆ ಇಳಿಸುತ್ತದೆ. ಎದ್ದ ಕೂಡಲೇ ಆ ದಿನಚರಿ ಓದಿ, ಇಳಿಯದೆ ಉಳಿದದ್ದನ್ನು ಇಳಿಸುತ್ತದೆ. ದಿನಚರಿ ಉದ್ದವಿದ್ದರೆ ನಿಮಿಷಗಟ್ಟಲೆ ಹಿಡಿಯಬಹುದು. ಸಿಸ್ಟಮ್‌ಡಿ ಸಾಮಾನ್ಯವಾಗಿ ಕಾಯುವುದು 90 ಸೆಕೆಂಡು. ಅಷ್ಟರೊಳಗೆ 'ಸಿದ್ಧ' ಎನ್ನದಿದ್ದರೆ ಕೆಟ್ಟಿದೆ ಎಂದು ತಿಳಿದು ನಿಲ್ಲಿಸಿಬಿಡುತ್ತದೆ. ಹಾಗಾಗಿ ಡೇಟಾಬೇಸಿಗೆ ಈ ಗಡುವು ತೆಗೆದುಹಾಕುವುದು ಒಳ್ಳೆಯದು.

ಇಷ್ಟಾದರೂ ಮದರ್‌ಬೋರ್ಡಿನ ಸೆಟ್ಟಿಂಗಿನಲ್ಲಿ 'ಕರೆಂಟು ಬಂದರೆ ತಾನೇ ಏಳು' ಎಂದು ಹೇಳಿರದಿದ್ದರೆ ಎಲ್ಲವೂ ಗುಂಡಿ ಒತ್ತುವ ಕೈಗಾಗಿ ಕಾಯುತ್ತ ಕೂರುತ್ತವೆ. ಪರೀಕ್ಷೆಗೆ ಸುಗ್ಗಿಯ ರಾತ್ರಿ ಬೇಡ. ಸುಗ್ಗಿಗೆ ಮೊದಲೇ ಒಂದು ಹಗಲು ಲೆಕ್ಕದ ಪ್ರತಿ ತೆಗೆದಿಟ್ಟು, ಕಂಪ್ಯೂಟರನ್ನು ಸರಿಯಾಗಿ ಬಂದ್ ಮಾಡಿ ಪ್ಲಗ್ ಕಿತ್ತು ಮತ್ತೆ ಹಾಕಿ. ಕೀಬೋರ್ಡು ಮುಟ್ಟದೆ, ಪಕ್ಕದ ಟೇಬಲ್ಲಿನ ಕಂಪ್ಯೂಟರಿನಿಂದ ಒಬ್ಬ ರೈತರ ಲೆಕ್ಕ ತೆರೆದು ನೋಡಿ.