ಮದುವೆಯ ಮಾತು ಮತ್ತು ಕೆಲವರ ಮೌನ

ಬೀದರ, ಕಲಬುರಗಿ, ರಾಯಚೂರುಗಳ ಕಡೆಯಿಂದ ಕೆಲಸಕ್ಕೆಂದು ಹೈದರಾಬಾದಿಗೆ ಬಂದ ನಮ್ಮವರು ಒಬ್ಬರನ್ನೊಬ್ಬರು ಕಂಡರೆ, ಊರು ಯಾವುದೆಂದು ಕೇಳಿದ ಬಳಿಕ ಬರುವುದು ಮದುವೆಯ ಪ್ರಶ್ನೆ. ಕೇಳುವವರ ಮನಸ್ಸಿನಲ್ಲಿ ಕೆಡುಕೇನೂ ಇರುವುದಿಲ್ಲ. ಆದರೆ ಹೆಣ್ಣಿನ ಮೇಲಾಗಲಿ ಗಂಡಿನ ಮೇಲಾಗಲಿ ಕಾಮದ ಸೆಳೆತವೇ ಹುಟ್ಟದ ಕೆಲವರು ನಮ್ಮ ನಡುವೆ ಇದ್ದಾರೆ. ಇವರನ್ನು ಈಗ ಅಲೈಂಗಿಕರೆಂದು ಕರೆಯುತ್ತಾರೆ. ಇವರ ಪಾಲಿಗೆ ಆ ಪ್ರಶ್ನೆ ಒಂದೇ ಮಾತಿಗೆ ಮುಗಿಯುವುದಿಲ್ಲ.

"ತಕ್ಕವರು ಸಿಕ್ಕಿಲ್ಲ, ಸಿಕ್ಕರೆ ತಾನಾಗಿಯೇ ಮನಸ್ಸಾಗುತ್ತದೆ" ಎಂದು ಕಚೇರಿಯ ಹಿರಿಯರು ಹೇಳುತ್ತಾರೆ. "ಒಮ್ಮೆ ಡಾಕ್ಟರಿಗೆ ತೋರಿಸೋ" ಎಂದು ರೂಮಿನ ಗೆಳೆಯ ಮೆಲ್ಲಗೆ ಉಸುರುತ್ತಾನೆ. ಹೆಂಗಸಾದರೆ, ಒಂದು ಮಗುವಾದರೆ ಎಲ್ಲ ಸರಿಹೋಗುತ್ತದೆಂಬ ಸಮಾಧಾನ. ಮನೆ ಬಾಡಿಗೆಗೆ ಕೇಳಹೋದರೆ ಒಂಟಿಯವರಿಗೆ ಕೊಡುವುದಿಲ್ಲವೆಂಬ ಉತ್ತರ. ಒಂದೊಂದೂ ಸಣ್ಣ ಮಾತೇ. ವರ್ಷಗಟ್ಟಲೆ ಕೇಳುವವನಿಗೆ ಮಾತ್ರ ತನ್ನಲ್ಲೇ ಏನೋ ಕೆಟ್ಟಿದೆಯೆಂಬ ಅಳುಕು ಹತ್ತುತ್ತದೆ.

ಇದು ಬ್ರಹ್ಮಚರ್ಯವೂ ಅಲ್ಲ. ಆಸೆಯನ್ನು ಹತ್ತಿಕ್ಕುವುದು ವ್ರತ. ಆಸೆಯೇ ಹುಟ್ಟದಿರುವುದು ಸ್ವಭಾವ. ಕೆನಡಾದ ಆಂಟನಿ ಬೊಗಾರ್ಟ್ ಎಂಬವರು 2004ರಲ್ಲಿ ಬ್ರಿಟನ್ನಿನ 18,000ಕ್ಕೂ ಹೆಚ್ಚು ಜನರ ಉತ್ತರಗಳನ್ನು ಪರಿಶೀಲಿಸಿದಾಗ, ತಮಗೆ ಯಾರ ಮೇಲೂ ಎಂದೂ ಇಂಥ ಸೆಳೆತ ಉಂಟಾಗಿಲ್ಲವೆಂದವರು ನೂರಕ್ಕೆ ಸುಮಾರು ಒಬ್ಬರು. ತನ್ನನ್ನು ಅಲೈಂಗಿಕನೆಂದು ತಿಳಿದವನಿಗೆ ಕಾಮಾಸಕ್ತಿಯ ಕೊರತೆಯೆಂಬ ರೋಗದ ಹೆಸರು ಹಚ್ಚಬಾರದೆಂದು ಅಮೆರಿಕದ ಮನೋವೈದ್ಯರ 2013ರ ಕೈಪಿಡಿಯೂ ಹೇಳುತ್ತದೆ. ರೂಮಿನ ಗೆಳೆಯ ಇದನ್ನು ತಿಳಿದಿದ್ದರೆ ಚೆನ್ನಿತ್ತು.

ನಮ್ಮ ಈ ಊರಿನಲ್ಲೇ ಈ ವಿಷಯಕ್ಕೆ ಹತ್ತಿರದ ವಿಚಾರಣೆಯೊಂದು ನಡೆದಿದೆ. ದೂರವಾದ ಗಂಡ ಅಥವಾ ಹೆಂಡತಿ ಮರಳಿ ಬಂದು ಸಂಸಾರ ಮಾಡಬೇಕೆಂದು ನ್ಯಾಯಾಲಯವು ಆಜ್ಞಾಪಿಸಲು 1955ರ ಹಿಂದೂ ವಿವಾಹ ಕಾಯಿದೆಯ 9ನೆಯ ಕಲಮು ಅವಕಾಶ ಕೊಡುತ್ತದೆ. ಸರಿತಾ ಎಂಬ ಚಿತ್ರನಟಿಯ ಮೊಕದ್ದಮೆಯಲ್ಲಿ, 1983ರಲ್ಲಿ, ಹೈದರಾಬಾದಿನ ಹೈಕೋರ್ಟಿನ ನ್ಯಾಯಮೂರ್ತಿ ಪಿ. ಎ. ಚೌದರಿಯವರು ಆ ಕಲಮನ್ನೇ ಅಸಿಂಧುವೆಂದರು. ಮನಸ್ಸಿಲ್ಲದವರನ್ನು ದೇಹಸಂಬಂಧಕ್ಕೆ ದೂಡುವುದು ಅವರ ಘನತೆಗೂ ಖಾಸಗಿ ಬಾಳಿಗೂ ಭಂಗವೆಂಬುದು ಅವರ ವಾದ. ಆಕೆ ಅಲೈಂಗಿಕಳೆಂಬ ಮಾತು ಅಲ್ಲಿರಲಿಲ್ಲ. ಒಲ್ಲೆನೆನ್ನುವ ಹಕ್ಕಿನ ಮಾತಿತ್ತು. ಮರುವರ್ಷವೇ ಬೇರೊಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಅಭಿಪ್ರಾಯವನ್ನು ಒಪ್ಪದೆ ಕಲಮನ್ನು ಉಳಿಸಿತು. ನಮಗಂತೂ ಚೌದರಿಯವರ ಮಾತೇ ಸರಿಯೆನಿಸುತ್ತದೆ. 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಅದೇ ಸುಪ್ರೀಂ ಕೋರ್ಟು ಸಾರಿತು; ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು.

ಅಲೈಂಗಿಕರೆಲ್ಲ ಒಂಟಿಯಾಗಿರಬಯಸುವವರೆಂದೂ ತಿಳಿಯಬಾರದು. ಜೊತೆಗೊಬ್ಬರು ಇರಲಿ, ಒಟ್ಟಿಗೆ ಉಣ್ಣೋಣ, ಕಾಯಿಲೆಯಾದಾಗ ನೋಡಿಕೊಳ್ಳೋಣ ಎನ್ನುವವರೂ ಇದ್ದಾರೆ. ಅಂಥವರು ವಧೂವರರ ನಮೂನೆ ತುಂಬಲು ಕುಳಿತರೆ ಗೋತ್ರಕ್ಕೆ, ಎತ್ತರಕ್ಕೆ, ಸಂಬಳಕ್ಕೆ ಜಾಗವಿರುತ್ತದೆ. ಇದನ್ನು ಬರೆಯಲು ಇರುವುದಿಲ್ಲ.