ಆಟವನ್ನು ಕಟ್ಟುವ ವಿದ್ಯೆ

ಆಟವಾಡಿದರೆ ಹೊಟ್ಟೆ ತುಂಬೀತೇ ಎಂಬುದು ನಮ್ಮ ಹಿರಿಯರ ಪ್ರಶ್ನೆ. ಕೋಲಾರ ಸೀಮೆಯ ಹುತ್ತೂರಿನಂತಹ ಊರುಗಳಲ್ಲಿ ರೇಷ್ಮೆ, ಹಾಲು, ಟೊಮೇಟೊಗಳ ಆದಾಯದಿಂದ ಮಕ್ಕಳನ್ನು ಓದಿಸುವ ಗೃಹಸ್ಥರಿಗೆ, ಮಗನೋ ಮಗಳೋ ಕಾಲೇಜಿನಲ್ಲಿ ಕಂಪ್ಯೂಟರ್ ಆಟಗಳ ವಿನ್ಯಾಸವನ್ನು ಕಲಿಯುವೆನೆಂದರೆ ದಿಗಿಲಾಗುವುದು ಸಹಜವೇ. ಆದರೆ ಆಟವನ್ನು ಆಡುವುದು ಬೇರೆ, ಕಟ್ಟುವುದು ಬೇರೆ. ಈ ಭೇದವನ್ನರಿತ ಮೇಲೆಯೇ ಹೂಂ ಎನ್ನುವುದನ್ನೋ ಬೇಡವೆನ್ನುವುದನ್ನೋ ನಿಶ್ಚಯಿಸತಕ್ಕುದು.

ಚೌಕಾಬಾರದ ಮಣೆಯನ್ನೇ ನೋಡಿರಿ. ಇಪ್ಪತ್ತೈದು ಮನೆಗಳು, ನಾಲ್ಕು ಕವಡೆಗಳು. ಗೀಟುಹಾಕಿದ ಕಟ್ಟೆಮನೆಯಲ್ಲಿರುವ ಕಾಯನ್ನು ಹೊಡೆಯುವಂತಿಲ್ಲ. ಕಟ್ಟೆಯೇ ಇಲ್ಲದಿದ್ದರೆ ಕಾಯಿ ಹಣ್ಣಾಗುವುದು ದುರ್ಲಭ. ಎಲ್ಲ ಮನೆಗಳೂ ಕಟ್ಟೆಯಾದರೆ ಭಯವೂ ಇಲ್ಲ, ರಸವೂ ಇಲ್ಲ. ಕಟ್ಟೆಗಳೆಷ್ಟಿರಬೇಕು, ಎಲ್ಲಿರಬೇಕೆಂದು ಯೋಚಿಸಿದವನೇ ವಿನ್ಯಾಸಕಾರನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಲವು ಮಣೆಯಾಟಗಳನ್ನು ತಾವೇ ಕಲ್ಪಿಸಿದವರು. ಆದುದರಿಂದ ವಿದ್ಯೆ ನಮಗೆ ಹೊಸದಲ್ಲ, ಉಪಕರಣವು ಹೊಸದು.

ಜೀವನೋಪಾಯದ ಮಾತಿಗೆ ಬರುವ. ಬೆಂಗಳೂರಿನಲ್ಲಿ 1997ರಲ್ಲಿಯೇ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ಹುಟ್ಟಿ ಪರದೇಶದ ಆಟಗಳಿಗೆ ಚಿತ್ರಕಾರ್ಯವನ್ನು ಮಾಡಿಕೊಟ್ಟಿತು; 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಅದೇ ನಗರದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಶಾಖೆಯಲ್ಲಿ ಈ ವಿಷಯದ ಸ್ನಾತಕೋತ್ತರ ವ್ಯಾಸಂಗವುಂಟು, ಪ್ರವೇಶಪರೀಕ್ಷೆಯನ್ನು ಗೆಲ್ಲಬೇಕು. ಜೂಜಿನ ಅಂಜಿಕೆಯುಳ್ಳವರು ತಿಳಿಯತಕ್ಕುದೇನೆಂದರೆ, ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಪಣವಿಲ್ಲದ ಆಟಗಳನ್ನು ಕಟ್ಟುವ ಕಸುಬಿಗೆ ಅದರಿಂದ ತಡೆಯಿಲ್ಲ.

ಹಾಗೆಂದು ದಾರಿಯೆಲ್ಲ ಹೂವಿನದಲ್ಲ. 2023 ಮತ್ತು 2024ರಲ್ಲಿ ಲೋಕದ ದೊಡ್ಡ ಸಂಸ್ಥೆಗಳೇ ಸಾವಿರಾರು ಮಂದಿ ಕೆಲಸಗಾರರನ್ನು ಬಿಟ್ಟುಬಿಟ್ಟವು. ಆದಕಾರಣ ಗಣಿತ, ಪ್ರೋಗ್ರಾಮಿಂಗ್ ಅಥವಾ ಚಿತ್ರಕಲೆ, ಇವುಗಳಲ್ಲೊಂದನ್ನು ಗಟ್ಟಿಯಾಗಿ ಕಲಿಸುವ ಪದವಿಯನ್ನೇ ಆರಿಸುವುದು ಲೇಸು. ಆಟದ ಕೆಲಸ ತಪ್ಪಿದರೂ ಅದು ಬೇರೆಡೆ ಅನ್ನ ಕೊಡುವುದು. ಶುಲ್ಕ ಕಟ್ಟುವ ಮುನ್ನ ಕಾಲೇಜಿನವರನ್ನು ಮೂರು ಮಾತು ಕೇಳಿರಿ: ಹಿಂದಿನ ವರ್ಷದ ವಿದ್ಯಾರ್ಥಿಗಳು ಕಟ್ಟಿ ಮುಗಿಸಿದ ಆಟಗಳಾವುವು? ಕಲಿಸುವವರು ತಾವೇ ಆಟ ಕಟ್ಟಿದವರೇ? ಕಲಿತು ಹೋದವರು ಈಗ ಎಲ್ಲಿರುವರು? ಸುಂದರವಾದ ಕಟ್ಟಡವನ್ನು ತೋರಿಸಿ ಈ ಉತ್ತರಗಳನ್ನು ತಪ್ಪಿಸುವಲ್ಲಿ ಹಣವಿಡಲಾಗದು.

ಮಕ್ಕಳಿಗೂ ಒಂದು ಪರೀಕ್ಷೆಯುಂಟು. ಗೋಡೋ ಎಂಬ ಸಾಧನವು ಬಿಟ್ಟಿಯಾಗಿ ದೊರೆಯುವುದು. ಅದರಲ್ಲಿ ಮೂರು ತಿಂಗಳೊಳಗಾಗಿ ಚೌಕಾಬಾರವನ್ನು ಕಟ್ಟಿ, ಅಜ್ಜಿಯಿಂದ ಆಡಿಸಿ, ಆಕೆಯು ತಡವರಿಸಿದೆಡೆಯಲ್ಲೆಲ್ಲ ತಿದ್ದಿ ಮುಗಿಸಲಿ. ನಡುವೆಯೇ ಬೇಸತ್ತು ಬಿಟ್ಟರೆ, ಆ ಹಂಬಲವು ಆಡುವುದರದೇ ಹೊರತು ಕಟ್ಟುವುದರದಲ್ಲವೆಂದು ವೆಚ್ಚವಿಲ್ಲದೆಯೇ ತಿಳಿಯಿತು. ಮುಗಿಸಿದರೋ, ಅಂತಹವರನ್ನು ತಡೆಯುವುದು ಹಿರಿಯರಿಗೆ ತಕ್ಕುದಲ್ಲವೆಂದು ನಮ್ಮ ಎಣಿಕೆ.