ಮಳೆ ಕೊಡದ ಗಾಳಿ ಕರೆಂಟು ಕೊಟ್ಟಿತು!

ಆಷಾಢದಲ್ಲಿ ಒಮ್ಮೆ ಕೊಟ್ಟೂರಿನಿಂದ ಹರಪನಹಳ್ಳಿ ಕಡೆಗೆ ಹೋಗಿ ನೋಡಿ. ಮೋಡ ಸರಿದು ಬಿಸಿಲು ಬಿದ್ದ ಕ್ಷಣ ಮೆಕ್ಕೆಜೋಳದ ಹೊಲದ ಮೇಲೆ ಒಂದು ನೆರಳು ಸರ್ರನೆ ಹಾಯುತ್ತದೆ. ತಲೆ ಎತ್ತುವಷ್ಟರಲ್ಲಿ ಇನ್ನೊಂದು, ಮತ್ತೊಂದು! ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಮೂರು ರೆಕ್ಕೆಯ ಫ್ಯಾನು. ಕಣ್ಣಿಗೆ ಸಾವಕಾಶದ ಸುತ್ತು, ನಿಮಿಷಕ್ಕೆ 13 ಅನ್ನಿ. ಆದರೆ ಆ ಚಕ್ರದ ಅಡ್ಡಗಲ 110 ಮೀಟರ್ ಇದ್ದರೆ ರೆಕ್ಕೆಯ ತುದಿ ಓಡುವುದು ಗಂಟೆಗೆ ಸುಮಾರು 270 ಕಿಲೋಮೀಟರ್ ವೇಗದಲ್ಲಿ!

ಬುಡಕ್ಕೆ ಹೋಗಿ ನಿಂತರೆ ಭುಸ್, ಭುಸ್ ಎಂಬ ಉಸಿರು ಕೇಳುತ್ತದೆ. ಕಂಬದ ತುದಿಯ ಪೆಟ್ಟಿಗೆಯಲ್ಲಿ ಆ 13 ಸುತ್ತನ್ನು ಹಲ್ಲುಚಕ್ರಗಳು ಸಾವಿರ ದಾಟಿಸುತ್ತವೆ. ಗಾಳಿಯ ವೇಗ ಎರಡರಷ್ಟಾದರೆ ಅದರ ಶಕ್ತಿ ಎರಡರಷ್ಟಲ್ಲ, ಎಂಟರಷ್ಟು! ಗಾಳಿ ಬಂದಾಗ ತೂರಿಕೋ ಎಂದ ಹಿರಿಯರು ಇದನ್ನು ಕಣದಲ್ಲೇ ಕಂಡುಕೊಂಡಿದ್ದರೇನೋ.

ನನ್ನನ್ನು ದಂಗುಬಡಿಸಿದ್ದು ಬೇರೆಯೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಇವೆಲ್ಲ ಮಳೆನೆರಳಿನ ಸೀಮೆ. ಮುಂಗಾರು ತನ್ನ ನೀರನ್ನೆಲ್ಲ ಪಶ್ಚಿಮ ಘಟ್ಟಕ್ಕೆ ಸುರಿದು ಬರಿಗೈಯಲ್ಲಿ ಇಲ್ಲಿಗೆ ಬರುತ್ತದೆ. ತಲೆಮಾರುಗಳಿಂದ ಇಲ್ಲಿನ ರೈತ ಶಪಿಸಿದ್ದು ಮೋಡವನ್ನು ನಿಲ್ಲಗೊಡದೆ ಅಟ್ಟುವ ಈ ಗಾಳಿಯನ್ನೇ. ಈಗ ಅದೇ ಗಾಳಿ ಬೆಳೆ! ಅದೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮೋಡ ಕವಿದು ಸೋಲಾರ್ ಫಲಕಗಳು ಮಂಕಾಗುವ ತಿಂಗಳುಗಳಲ್ಲೇ ಹುಲುಸಾಗಿ. ರಾತ್ರಿಯೂ ನಿಲ್ಲದ ಬೆಳೆ.

2021ರಲ್ಲಿ ವಿಜಯನಗರ ಜಿಲ್ಲೆಯಾಗುವ ಮುನ್ನ ಈ ತಾಲೂಕುಗಳೆಲ್ಲ ಬಳ್ಳಾರಿಯವು. ಅದೇ ಬಳ್ಳಾರಿಯ ಕುಡತಿನಿಯಲ್ಲಿ 1,700 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರವಿದೆ. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲ ಗಣಿ ಒಂದೂ ಇಲ್ಲ. ಉರಿಸುವ ಕಲ್ಲಿದ್ದಲೆಲ್ಲ ಹೊರಗಿನಿಂದ ರೈಲಿನಲ್ಲಿ ಬರಬೇಕು. ಇತ್ತ ಗಾಳಿಗೆ ವ್ಯಾಗನ್ನೂ ಬೇಡ, ಬೂದಿಯೂ ಇಲ್ಲ. 2024–25ರ ಒಂದೇ ವರ್ಷದಲ್ಲಿ ರಾಜ್ಯ 1,331 ಮೆಗಾವಾಟ್ ಪವನಶಕ್ತಿ ಸೇರಿಸಿಕೊಂಡು ದೇಶಕ್ಕೇ ಮೊದಲಾಯಿತು! ಹಾಗೆಂದು ಕುಡತಿನಿಯ ಒಲೆ ನಾಳೆಯೇ ಆರದು. ಚಳಿಗಾಲದಲ್ಲಿ ಗಾಳಿ ಸೊರಗುತ್ತದೆ, ಸಂಜೆಯಾದರೆ ಸೂರ್ಯ ಮುಳುಗುತ್ತಾನೆ. ಕರೆಂಟನ್ನು ಕೂಡಿಡುವ ಬ್ಯಾಟರಿಗಳು ಬರಬೇಕು.

ಇನ್ನೆರಡು ಮಾತು ಹೇಳದಿದ್ದರೆ ನನಗೆ ನಿದ್ದೆ ಬಾರದು. ಫ್ಯಾನು ನಿಂತ ಹೊಲದವನಿಗೆ ಯೂನಿಟ್ ಲೆಕ್ಕದಲ್ಲಿ ಪಾಲು ಸಲ್ಲಬೇಕು. ಗಾಳಿ ಬೀಸಿದಷ್ಟೂ ಅವನ ಮನೆಗೂ ಬರಲಿ. ಮತ್ತೆ, ಹಗರಿಬೊಮ್ಮನಹಳ್ಳಿಯ ಅಂಕಸಮುದ್ರದ ಕೆರೆ ಹಕ್ಕಿಗಳ ತವರು; ಮಹತ್ವದ ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ್ದು. ಮುಳುಗಿದ ಜಾಲಿ ಮರಗಳ ತುಂಬ ಗೂಡು. ಆ ಹಕ್ಕಿಗಳ ಹಾದಿಯಿಂದ ಈ ಫ್ಯಾನಿನ ರೆಕ್ಕೆಗಳು ದೂರ ನಿಲ್ಲಲಿ.

ಕತ್ತಲಾಯಿತು. ಕಂಬಗಳ ನೆತ್ತಿಯ ಕೆಂಪು ದೀಪಗಳು ಮಿಣುಕುತ್ತಿವೆ. ಮಳೆಯಿಲ್ಲದ ಮೋಡವೊಂದು ಅವುಗಳ ಮೇಲೆ ಹಾದು ಆಂಧ್ರದ ಕಡೆಗೆ ಹೋಯಿತು. ಕೆಳಗೆ ಮೂರು ರೆಕ್ಕೆಗಳು ಇನ್ನಷ್ಟು ಜೋರಾಗಿ ತಿರುಗಿದವು.